ತುದಿ ಹೊಲಕ್ಕೆ ಮೊದಲ ನೀರು

ಕಳೆದ ತಿಂಗಳು ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ ನನ್ನ ಸ್ಕೂಟರಿನ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ರಸ್ತೆಯ ಉಬ್ಬಿಗೆ ಟ್ರಾಲಿ ಕುಲುಕಿದ್ದೇ ತಡ, ಒಂದು ಜಲ್ಲೆ ಜಾರಿ ನನ್ನೆದುರೇ ಬಿತ್ತು. ನಾನು ಹಿಂದೆ ಮುಂದೆ ನೋಡಿದೆ. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ನೆಂಟರ ಮದುವೆಗೆ ಹೊರಟವನು. ಆದರೂ ಗಾಡಿ ನಿಲ್ಲಿಸಿ, ಜಲ್ಲೆ ಎತ್ತಿಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು, ಬೇವಿನ ನೆರಳಿನಲ್ಲಿ ನಿಂತು ಸಿಗಿಯತೊಡಗಿದೆ. ಎಡಗಡೆಯ ದವಡೆಹಲ್ಲು ಕಟ್ಟಿಸಿದವು, ಬಲಗಡೆಯವನ್ನು ನಂಬುವಂತಿಲ್ಲ, ಹಾಗಾಗಿ ಮುಂದಿನ ಹಲ್ಲುಗಳ ಮೇಲೇ ಭಾರ ಹಾಕಿದೆ. ರಸ ನಾಲಿಗೆಗೆ ತಾಗಿತು. ಸಿಹಿ ಅನ್ನಿಸುವ ಮೊದಲೇ ನನಗೆ ನಾಚಿಕೆಯಾಯಿತು. ರಸ್ತೆಯಲ್ಲಿ ನಿಂತು ಕಬ್ಬು ತಿಂದದ್ದಕ್ಕಲ್ಲ. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಸಿದ್ದಾಪುರದ ಸೀಮೆಯಲ್ಲಿ ಈಗ ಕಣ್ಣು ಹಾಯುವಷ್ಟು ದೂರ ನೆಲ್ಲಿನ ಗದ್ದೆ. ಅದರ ನಡುವೆ ಒಬ್ಬನೇ ಸಾವಕಾರನ ದೊಡ್ಡ ಕಬ್ಬಿನ ತೋಟವೊಂದಿತ್ತು ಎಂದರೆ ಈಗಿನವರು ಹೌದೇ ಎನ್ನುತ್ತಾರೆ. ಅದಕ್ಕೂ ಹಿಂದೆ ಅದು ಬಿಳಿಜೋಳ ಬೆಳೆಯುವ ಎರೆಭೂಮಿಯಾಗಿತ್ತಂತೆ. ಕಾಲುವೆ ಬಂತು, ಕಾಲುವೆಯ ಹಿಂದೆಯೇ ಹೊರಗಿನಿಂದ ಸಾವಕಾರ ಬಂದ. ಜಾಲಿ ಕಡಿಸಿದ, ದಿಬ್ಬ ಒಡೆಸಿದ, ಕಬ್ಬು ಹಚ್ಚಿಸಿದ. ಊರವರು ಅದಕ್ಕೆ ಕಂಪನಿ ತೋಟ ಎಂದು ಹೆಸರಿಟ್ಟರು. ಕಂಪನಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಹಂಚಿನ ಬಂಗಲೆ, ಒಂದು ಜೀಪು, ಒಂದು ಸೈರನ್ ಇದ್ದ ಮೇಲೆ ಕಂಪನಿ ಅನ್ನದೆ ಇನ್ನೇನು ಅನ್ನಬೇಕು?

ಕೃಷಿ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ತಲೆಗೆ ಟೋಪಿ, ಕೈಯಲ್ಲಿ ಡೈರಿ. ಚಳಿಗಾಲದಲ್ಲಿ ಎರಡು ಕಣ್ಣಿನ ತುಂಡು ಮಾಡಿ ಸಾಲಿನಲ್ಲಿ ಹಚ್ಚುವುದು, ಮಣ್ಣೇರಿಸುವುದು, ಒಣಗಿದ ಎಲೆ ಸುಲಿಯುವುದು, ಕಡಿಯುವ ಗುಂಪುಗಳು ಬಂದರೆ ಕಾರ್ಖಾನೆಗೆ ಗಾಡಿ ತುಂಬಿಸುವುದು, ಕಡಿದ ಬುಡದಿಂದ ಕುಳೆ ಎಬ್ಬಿಸುವುದು. ಇದೆಲ್ಲ ನನ್ನ ಡೈರಿಯಲ್ಲಿ ಚೆನ್ನಾಗಿಯೇ ಇತ್ತು. ನೀರು ಮಾತ್ರ ಡೈರಿಯಲ್ಲಿರಲಿಲ್ಲ. ಅದು ಮೌಲಾಸಾಬನ ಕೈಯಲ್ಲಿತ್ತು.

ಮೌಲಾಸಾಬ ತೋಟದ ನೀರು ಕಟ್ಟುವವನು. ಸಣಕಲ ಮೈ, ಮೊಣಕಾಲಿನ ಮೇಲೆ ಮಡಚಿದ ಲುಂಗಿ, ಹೆಗಲ ಮೇಲೆ ಸಲಿಕೆ. ಕಾಲುವೆಯ ದಂಡೆಯ ಮೇಲೆ ಕಣ್ಣು ಮುಚ್ಚಿ ಕೂತು, ಯಾವ ತೂಬು ಸೋರುತ್ತಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಅವನದೊಂದು ಕಟ್ಟುನಿಟ್ಟು. ನೀರು ಬಂದ ದಿನ ಮೇಲಿನ ತೂಬುಗಳಿಗೆಲ್ಲ ಮಣ್ಣು ಬಡಿದು ಮುಚ್ಚುವುದು, ನೀರನ್ನು ನೇರ ಕೆಳಗಿನ ತುದಿ ಹೊಲಕ್ಕೆ ಒಯ್ಯುವುದು. ಅದು ಕುಡಿದ ಮೇಲೆ ಅದರ ಮೇಲಿನ ಹೊಲ, ಆಮೇಲೆ ಅದರ ಮೇಲಿನದು. ಕಾಲುವೆಯ ಬಾಯಲ್ಲೇ ಇದ್ದ ಬಂಗಲೆ ಹೊಲಕ್ಕೆ ಎಲ್ಲರಿಗಿಂತ ಕೊನೆಗೆ.

ನಾನು ಬಂದ ಹೊಸತರಲ್ಲಿ ಇದನ್ನು ಕಂಡು ನಕ್ಕಿದ್ದೆ. ಬಾಗಿಲಿಗೆ ಬಂದ ನೀರನ್ನು ಅಷ್ಟು ದೂರ ಓಡಿಸಿ ದಾರಿಯಲ್ಲಿ ಇಂಗಿಸುವುದು ಯಾವ ಶಾಸ್ತ್ರ ಎಂದು ಕೇಳಿದ್ದೆ.

"ಶಾಸ್ತ್ರ ನಮಗೇನ್ ಗೊತ್ರಿ ಸಾಹೇಬ್ರ," ಅಂದಿದ್ದ. "ಬಂಗ್ಲೆ ಹೊಲಕ್ಕ ಬಾವಿ ಐತಿ. ತುದಿ ಹೊಲಕ್ಕ ಯಾರದಾರ?"

ತುದಿ ಹೊಲ ತೋಟದ ಆಳುಗಳೇ ಪಾಲಿಗೆ ಮಾಡುತ್ತಿದ್ದ ಹೊಲ. ಮೌಲಾಸಾಬನದೂ ಒಂದು ತುಂಡು ಅದರಲ್ಲಿತ್ತು. ಬೇಸಿಗೆಯಲ್ಲಿ ಕಾಲುವೆ ನಿಲ್ಲಿಸುವ ಮುಂಚಿನ ಕೊನೆಯ ನೀರು ಸಿಕ್ಕರೆ ಅಲ್ಲಿಯ ಎಳೆ ಕಬ್ಬು ಮಳೆಯ ತನಕ ಜೀವ ಹಿಡಿಯುತ್ತಿತ್ತು. ಸಿಗದಿದ್ದರೆ ಇಲ್ಲ.

ಆ ವರ್ಷ ಕೊನೆಯ ನೀರು ಬಂದ ದಿನ ಶುಕ್ರವಾರ. ಮರುದಿನ ಸಾವಕಾರರು ಬೀಗರನ್ನು ಕರೆದುಕೊಂಡು ತೋಟಕ್ಕೆ ಬರುವವರಿದ್ದರು. ಬಂಗಲೆಯ ಸುತ್ತ ಕಬ್ಬು ಬಾಡಿದಂತೆ ಕಾಣಬಾರದು ಎಂದು ಮ್ಯಾನೇಜರು ನನ್ನನ್ನು ಕರೆದು ಹೇಳಿದರು. ಮೌಲಾಸಾಬನಿಗೆ ಹೇಳಿದರೆ ಒಪ್ಪುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವನು ಮಧ್ಯಾಹ್ನ ಜುಮ್ಮಾ ನಮಾಜಿಗೆ ಊರೊಳಗೆ ಹೋದ. ನಾನು ಟೋಪಿ ತೆಗೆದಿಟ್ಟು, ಅವನದೇ ಸಲಿಕೆ ತೆಗೆದುಕೊಂಡು, ಅವನು ಮುಚ್ಚಿದ್ದ ಬಂಗಲೆ ಹೊಲದ ತೂಬನ್ನು ಒಡೆದೆ. ಇನ್ನೂ ಮೂರು ದಿನ ನೀರಿದೆ, ಸೋಮವಾರದೊಳಗೆ ತುದಿಗೂ ಮುಟ್ಟುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಶನಿವಾರ ಬೆಳಗ್ಗೆಯೇ ಕಾಲುವೆ ನಿಂತುಹೋಯಿತು.

ಸಾವಕಾರರು ಬಂದರು, ಬಂಗಲೆಯಲ್ಲಿ ಮಜ್ಜಿಗೆ ಕುಡಿದರು, ಬಿಸಿಲು ಜಾಸ್ತಿ ಎಂದು ಹೊಲದ ಕಡೆ ತಿರುಗಿಯೂ ನೋಡದೆ ಹೋದರು.

ಮೌಲಾಸಾಬ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಣಗಿದ ಕಾಲುವೆಯಲ್ಲಿ ನಿಂತು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ.

"ನೀರು ಎತ್ತ ಹರಿತೈತಿ ಅಂತ ಸಾಲ್ಯಾಗ ಕಲಿಸ್ಯಾರ ನಿಮಗ. ಯಾರಿಗೆ ಮುಟ್ಟಬೇಕು ಅಂತ ಕಲಿಸಿಲ್ಲ," ಅಂದ. ಆಮೇಲೆ, "ನಾಳೆ ಬೆಳಗ್ಗೆ ಬರ್ರಿ. ಟೋಪಿ ಬ್ಯಾಡ," ಅಂದ.

ಅಲ್ಲಿಂದ ಶುರುವಾಯಿತು ನೋಡಿ. ಎರಡು ಎತ್ತಿನ ಗಾಡಿಗೆ ಪೀಪಾಯಿ ಕಟ್ಟಿ, ಬಂಗಲೆಯ ಬಾವಿಯಿಂದ ಸೇದಿ ತುಂಬಿ, ತುದಿ ಹೊಲಕ್ಕೆ ಒಯ್ದು, ತಂಬಿಗೆಯಲ್ಲಿ ಒಂದೊಂದು ಬುಡಕ್ಕೆ ಹಾಕುವುದು. ಸಾಲಿನ ನಡುವೆ ಒಣ ಎಲೆ ಹಾಸಿ ಹಸಿ ಹೋಗದಂತೆ ಮುಚ್ಚುವುದು. ಬಾವಿಯ ನೀರಿಗೆ ಮ್ಯಾನೇಜರು ಅಡ್ಡ ಬಂದಾಗ ಮಾತ್ರ ನಾನು ನನ್ನ ಜನ್ಮದಲ್ಲಿ ಮೊದಲ ಸಲ ಮೇಲಿನವರಿಗೆ ಎದುರಾಡಿದೆ. ನೌಕರಿ ಬೇಕಾದರೆ ತೆಗೆದುಕೊಳ್ಳಿ, ನೀರು ಬಿಡಿ ಎಂದೆ. ಅವರು ಎರಡನ್ನೂ ಬಿಟ್ಟರು.

ಮೊದಲ ದಿನ ಪಾಪಪ್ರಜ್ಞೆಯಿಂದ ನಾನು ಬುತ್ತಿ ಬಿಚ್ಚಲಿಲ್ಲ. ಮೌಲಾಸಾಬನ ಹೆಂಡತಿ ಖಾಜಾಬಿ ಬದುವಿನ ಮೇಲಿಂದಲೇ ನೋಡಿದಳು. ಎದ್ದು ಬಂದು ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು ಮುಂದೆ ಹಿಡಿದಳು.

"ನೀ ಉಪಾಸ ಇದ್ರ ಕಬ್ಬಿಗೇನ್ ನೀರು ಸಿಗತೈತೇನಪ್ಪಾ? ತಿನ್ನು, ಇನ್ನಾ ಹತ್ತು ಸಾಲು ಅದಾವ."

ತಿಂದೆ. ಮಳೆ ಬರುವ ತನಕ ದಿನಾ ತಿಂದೆ, ದಿನಾ ನೀರು ಹೊತ್ತೆ. ಅರ್ಧ ಕಬ್ಬು ಸತ್ತಿತು, ಸುಳ್ಳು ಹೇಳುವುದಿಲ್ಲ. ಉಳಿದರ್ಧ ಉಳಿಯಿತು. ಮೌಲಾಸಾಬ ಆ ಬೇಸಿಗೆಯ ನಡುವೆ ಯಾವಾಗಲೋ ನನ್ನನ್ನು ಸಾಹೇಬ್ರ ಎನ್ನುವುದು ಬಿಟ್ಟು ತಮ್ಮಾ ಎನ್ನತೊಡಗಿದ್ದ.

ಮುಂದೆ ಕಾರ್ಖಾನೆ ನಿಂತಿತು, ತೋಟ ತುಂಡು ತುಂಡಾಗಿ ಮಾರಿಹೋಯಿತು. ಎಲ್ಲರೂ ನೆಲ್ಲಿಗೆ ತಿರುಗಿದರು. ಬಂಗಲೆ ಹೊಲದ ನಾಲ್ಕು ಎಕರೆ ನಾನು ಕೊಂಡೆ. ತುದಿಯ ಎರಡು ಎಕರೆ ಮೌಲಾಸಾಬ ಕೊಂಡ. ಅವನು ತೀರಿಕೊಂಡ ಮೇಲೆ ಮಗಳು ರಜಿಯಾ ಸಾಗುವಳಿ ಮಾಡುತ್ತಾಳೆ.

ಈಗ ನಾಚಿಕೆಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಕಲಿತ ನಾನು, ಹೊಲ ನನ್ನದಾದ ಮೇಲೆ ಪ್ರತಿ ವರ್ಷ ಮೊದಲು ನನ್ನ ತೂಬನ್ನೇ ತೆಗೆಯುತ್ತ ಬಂದೆ. ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ. ರಜಿಯಾ ವರ್ಷಕ್ಕೊಮ್ಮೆ ಬಂದು, "ಕಾಕಾ, ಒಂದೀಟು ಮುಂಚೆ ಬಿಡ್ಸರಿ, ಕಡೀಗೆ ನೀರ ಬರವಲ್ದು," ಅನ್ನುತ್ತಿದ್ದಳು. "ನೋಡೋಣವಾ," ಅನ್ನುತ್ತಿದ್ದೆ. ಹದಿನಾರು ವರ್ಷ ನೋಡಿದೆ. ಹೋದ ವರ್ಷ ಅವಳು ಬರಲೇ ಇಲ್ಲ. ರಸ್ತೆಯಲ್ಲಿ ನಿಂತು ಕಬ್ಬು ಸಿಗಿಯುವಾಗ ನನಗೆ ಚುಚ್ಚಿದ್ದು ಅದು.

ಮದುವೆಗೆ ಹೋಗಲಿಲ್ಲ. ಸ್ಕೂಟರ್ ತಿರುಗಿಸಿದೆ. ನಮ್ಮ ಉಪಕಾಲುವೆಯ ಮೇಲೆ ನನ್ನದೂ ರಜಿಯಾಳದೂ ಬಿಟ್ಟು ಐದು ತೂಬು. ಐದೂ ಮನೆಗೆ ಹೋದೆ, ಎರಡೆರಡು ಸಲ ಹೋದೆ. ಮೂವರು ಒಪ್ಪಿದರು. ಒಬ್ಬ ನೋಡೋಣ ಅಂದ, ಆ ಮಾತಿನ ಬೆಲೆ ನನಗೆ ಗೊತ್ತು. ಪಕ್ಕದ ಹೊಲದ ಸುಬ್ಬಾರಾವ್ ನಕ್ಕ.

ನಿನ್ನೆ ನೀರು ಬಂತು. ಬೆಳಗ್ಗೆಯೇ ನನ್ನ ತೂಬಿಗೆ ನಾನೇ ಮಣ್ಣು ಬಡಿದೆ. ಅಲ್ಲಿಂದ ದಂಡೆಯ ಮೇಲೆ ನಡೆಯುತ್ತ ಉಳಿದ ತೂಬುಗಳನ್ನೂ ನೋಡಿಕೊಂಡು ಬಂದೆ. ನೋಡೋಣ ಅಂದವನದು ಮುಚ್ಚಿಯೇ ಇತ್ತು. ಕೊನೆಗೆ ಸುಬ್ಬಾರಾವನ ತೂಬಿನ ಮೇಲೆ ಕೂತೆ. ಅವನು ಸಲಿಕೆ ಹಿಡಿದು ಬಂದ.

"ಏಳ್ರಿ ಯಜಮಾನ್ರೆ, ಕೆಲಸ ಐತಿ."

"ಏಳಂಗಿಲ್ಲ. ತುದಿ ಹೊಲ ಕುಡೀಲಿ, ಆಮ್ಯಾಲ ಎದ್ದು ನಾನ ನಿನ್ನ ತೂಬು ತಗೀತೀನಿ."

"ನಿಮ್ಮ ನೆಲ್ಲೂ ಒಣಗ್ತೈತಲ್ರಿ."

"ನನಗ ಬೋರ್ ಐತಿ, ನಿನಗೂ ಐತಿ. ಅಕೀಗಿಲ್ಲ."

ನನ್ನನ್ನು ಎತ್ತಿ ಹಾಕುವುದು ಅವನಿಗೆ ಕಷ್ಟವೇನಿರಲಿಲ್ಲ, ಆಳು ಗಟ್ಟಿಮುಟ್ಟು. ಆದರೆ ಸಲಿಕೆ ನೆಲಕ್ಕೆ ಊರಿ, ಎದುರಿನ ದಂಡೆಯ ಮೇಲೆ ಅವನೂ ಕೂತ. ಮಧ್ಯಾಹ್ನದ ಹೊತ್ತಿಗೆ ಫೋನು ಬಂತು.

"ಕಾಕಾ," ಅಂದಳು ರಜಿಯಾ. "ಕಡೀ ಮಡಿಗೆ ನೀರ ಬಂದೈತ್ರಿ. ನಿಮ್ಮದೂ ತಗೀರಿ, ಸಾಕು."

"ಮಡಿ ತುಂಬ್ಯಾದೇನು?"

"ಇನ್ನಾ ಇಲ್ರಿ."

"ಹಂಗಾದ್ರ ತುಂಬಲಿ. ನಾ ಇಲ್ಲೇ ಕುಂತೀನಿ."