ದೀಪದ ಮಗ್ಗುಲಿನ ಕೊಳವೆ

...ಅಥವಾ ಕೊಳವೆಯನ್ನು ದೇವರ ಜಗಲಿಯ ಮೇಲೆ ಇಟ್ಟವಳು ನಾನೇ ಇರಬಹುದು. ಸೋದರತ್ತೆ ಇಟ್ಟರು ಎಂದು ಹೇಳಿ ಹೇಳಿ ಈಗ ಅವರ ಕೈಯೇ ಕಣ್ಣಿಗೆ ಕಟ್ಟುತ್ತದೆ. ಆ ಕೈಯನ್ನು ನಾನು ಪೂರ್ತಿ ನಂಬುವುದಿಲ್ಲ. ಚನ್ನಗಿರಿ, ಎಂಬತ್ತರ ದಶಕದ ಆರಂಭ, ಚಳಿಗಾಲದ ರಜೆ. ಇಷ್ಟು ಖಚಿತ.

ಬಾಯಿ ಮುಚ್ಚಿದ ಆ ಗಾಜಿನ ಕೊಳವೆಯಲ್ಲಿ ನನ್ನ ಸಂಶೋಧನೆಯಿತ್ತು: ಕಡ್ಡಿಯಂತೆ ಸೆಟೆದ ಅಣುಗಳ ಪಾಲಿಮರ್, ದ್ರಾವಣದಲ್ಲಿ. ದಟ್ಟಣೆಯಲ್ಲಿ ಇಂಥ ಕಡ್ಡಿ ಅಡ್ಡ ತಿರುಗಲಾರದು, ಉದ್ದುದ್ದಕ್ಕೆ ಜಾರಬಲ್ಲದು. ತಣ್ಣಗಾದಾಗ ಕಡ್ಡಿಗಳು ನಿಧಾನವಾಗಿ ಒಂದಕ್ಕೊಂದು ಅಂಟಿ, ಬಲೆಯಾಗಿ, ದ್ರಾವಣವನ್ನೆಲ್ಲ ಹಿಡಿದು ನಿಲ್ಲಿಸುತ್ತವೆ ಎಂಬುದು ನನ್ನ ಊಹೆ. ಪ್ರಯೋಗಾಲಯದಲ್ಲಿ ಒಮ್ಮೆ ಹೆಪ್ಪುಗಟ್ಟಿತ್ತು. ಗೈಡ್ ಒಪ್ಪಲಿಲ್ಲ.

"ಕಸ ಸೇರಿ ಕೆಟ್ಟೈತೆ. ನಿನ್ನ ಮಾತು ನಿಜ ಆದ್ರೆ, ಕಾಯಿಸಿದಾಗ ಕರಗಬೇಕು, ಆರಿದಾಗ ಮತ್ತೆ ಕಟ್ಟಬೇಕು. ರಜೆ ಮುಗಿಯೋದ್ರೊಳಗೆ ತೋರ್ಸು. ಇಲ್ಲಾಂದ್ರೆ ಬೇರೆ ವಿಷಯ ತಗೋ."

ಕಾಯಿಸಿದೆ, ಕರಗಿತು. ಮತ್ತೆ ಕಟ್ಟುವುದನ್ನು ಕಾಯಲು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಅತ್ತೆಯ ಮನೆಗೆ ಬಂದೆ. ಅಲ್ಲಿ ಹೊಸದೇನು ಬಂದರೂ ಮೊದಲು ದೇವರ ಜಗಲಿಗೆ.

"ಏನೈತೆ ಇದ್ರಾಗೆ?"

"ಕಡ್ಡಿ, ಅತ್ತೆ. ಕಣ್ಣಿಗೆ ಕಾಣಲ್ಲ."

"ಕಾಣದ ಕಡ್ಡಿ ಎಣಿಸಾಕೆ ಇಷ್ಟು ವರ್ಷ ಓದಿದ್ಯಾ?" ಎಂದು ಕೊಳವೆಗೂ ವಿಭೂತಿ ಎಳೆದು, ದೀಪದ ಮಗ್ಗುಲಿಗೆ ನಿಲ್ಲಿಸಿದರು.

ದಿನವೂ ಸ್ನಾನ ಮುಗಿಸಿ ಓಡಿ ಬಂದು ಓರೆಮಾಡಿ ನೋಡುತ್ತಿದ್ದೆ. ನೀರಿನಂತೆ ಹರಿಯುತ್ತಿತ್ತು. ಸಂಜೆಯೂ ಅಷ್ಟೆ. ಗೈಡ್ ಹೇಳಿದ್ದೇ ಸರಿ ಅನ್ನಿಸಿತು. ಹೊನ್ನಾಳಿಯಲ್ಲಿದ್ದ ಅವರ ಮನೆಗೆ ಹೋಗಿ ಸೋತೆನೆಂದು ಹೇಳಿಬಿಡಲು ಮೊದಲ ಬಸ್ಸಿಗೆ ಹೊರಟೆ. ಸ್ನಾನಕ್ಕೆ ಹೊತ್ತಿಲ್ಲವೆಂದು ಹಾಗೇ ಕೊಳವೆ ಎತ್ತಿಕೊಂಡೆ.

ಓರೆಮಾಡಿದೆ. ಅಲುಗಲಿಲ್ಲ. ತಲೆಕೆಳಗು ಮಾಡಿದೆ. ಅಲುಗಲಿಲ್ಲ.

"ಮೈ ತೊಳೀದೆ ಜಗಲಿ ಮುಟ್ಟಿದ್ಯಾ?" ಅತ್ತೆ ಹಿಂದೆಯೇ ನಿಂತಿದ್ದರು.

"ಅತ್ತೆ, ದೀಪ ಹಚ್ರಿ."

"ಮೊದ್ಲು ನೀರು ಹಾಕ್ಕೊಂಡು ಬಾ. ಆಮೇಲೆ ನಂಗೆ ಹೇಳೀಯಂತೆ."

ಸ್ನಾನ ಮಾಡದೆ ಜಗಲಿ ಮುಟ್ಟುವಂತಿರಲಿಲ್ಲ. ನನ್ನ ಸ್ನಾನ ಮುಗಿಯುವ ಹೊತ್ತಿಗೆ ದೀಪ ಹತ್ತಿ ಬಹಳ ಹೊತ್ತಾಗಿರುತ್ತಿತ್ತು. ರಾತ್ರಿ ದೀಪ ಆರಿದ ಮೇಲೆ ತಣ್ಣಗಾಗಿ ಕಟ್ಟಿದ್ದು ನಾನು ಬರುವಷ್ಟರಲ್ಲಿ ದೀಪದ ಬಿಸಿಗೆ ಕರಗಿರುತ್ತಿತ್ತು; ಸಂಜೆಯೂ ದೀಪ ಹಚ್ಚಿದ ಮೇಲೇ ನೋಡುತ್ತಿದ್ದೆ. ಅಂದೂ ಸ್ನಾನ ಮುಗಿಸಿ ಬಂದಾಗ ಹರಿಯುತ್ತಿತ್ತು. ಬಸ್ಸು ತಪ್ಪಿತು. ಮರುದಿನ ದೀಪ ಹಚ್ಚುವ ಮೊದಲೇ ಸ್ನಾನ ಮುಗಿಸಿ ನೋಡಿದೆ: ಮತ್ತೆ ಗಟ್ಟಿ.

ಹೊನ್ನಾಳಿಯಲ್ಲಿ ಗೈಡ್ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ವಿಭೂತಿಯ ಬಗ್ಗೆ ಕೇಳಲಿಲ್ಲ.

"ದೀಪದ ಹತ್ರ ಎಷ್ಟು ಡಿಗ್ರಿ ಇತ್ತು?"

"ಅಳೆದಿಲ್ಲ ಸರ್."

"ಹೋಗಿ ಅಳೆದು ನೋಡು. ವಿಷಯ ಬದಲಾಯಿಸೋದು ಬ್ಯಾಡ."

ಅವರು ನಕ್ಕರು ಎಂದೂ ನೆನಪಿದೆ. ಅದು ನಾನು ಸೇರಿಸಿದ್ದಿರಬಹುದು.

ಆಮೇಲೆ ಎಷ್ಟೋ ಕೊಳವೆಗಳಲ್ಲಿ ಅದನ್ನು ಕಟ್ಟಿಸಿದೆ, ಕರಗಿಸಿದೆ. ಆದರೆ ಆ ಕಡ್ಡಿಗಳು ಮಗ್ಗುಲಿಗೆ ಮಗ್ಗುಲಾಗಿ ಕಂತೆಗಟ್ಟುತ್ತಿದ್ದವೋ, ಸಿಕ್ಕಸಿಕ್ಕಲ್ಲಿ ಅಡ್ಡಡ್ಡ ಅಂಟಿಕೊಳ್ಳುತ್ತಿದ್ದವೋ, ನಮ್ಮಲ್ಲಿದ್ದ ಉಪಕರಣಗಳಿಗೆ ಕಾಣಲಿಲ್ಲ. ನನಗೆ ಇಂದಿಗೂ ಗೊತ್ತಿಲ್ಲ.