ಪರಸಿಯ ಮೇಲೆ ಹಾಕಿದ ತಪ್ಪು

ನನ್ನ ಗಂಡನ ಕಿವಿ ಮಂದವಾಗುತ್ತಿದೆ ಎಂದು ಅವರಿಗಿಂತ ಮೊದಲು ನನಗೆ ತಿಳಿದಿತ್ತು. ತಿಳಿದೂ ಹೇಳಲಿಲ್ಲ. ಬರೀ ಹೇಳದೆ ಉಳಿದಿದ್ದರೆ ಅದನ್ನು ಸಂಕೋಚ ಅನ್ನಬಹುದಿತ್ತೋ ಏನೋ — ಅವರೇ ಬಾಯಿಬಿಟ್ಟು ಕೇಳಿದಾಗ ಸುಳ್ಳು ಹೇಳಿದೆ. ಅವರ ಗೆಳೆಯನಿಗೂ ಸುಳ್ಳು ಹೇಳಿದೆ. ತಪ್ಪನ್ನೆಲ್ಲ ಮನೆಯ ಕಲ್ಲಿನ ಮೇಲೆ ಹಾಕಿ, ಆ ಕಲ್ಲಿಗೆ ಕೌದಿ ಹೊದಿಸಿದೆ.

ನಮ್ಮದು ಶಹಾಬಾದ. ಇವರು — ಬಸವರಾಜ — ರಾವೂರ ಕಡೆ ಒಂದು ಸಣ್ಣ ಪಾಲಿಶ್ ಮಷಿನ್ ನಡೆಸುತ್ತಾರೆ. ಪರಸಿ — ಇಲ್ಲಿ ಮನೆಗಳ ನೆಲಕ್ಕೂ ಗೋಡೆಗೂ ಹಾಕುವ ಹಾಸುಗಲ್ಲು — ಕೊಯ್ಯುವ ಬ್ಲೇಡು ಕೂಗುವುದನ್ನು ನೀವು ಹತ್ತಿರ ನಿಂತು ಕೇಳಿದ್ದೀರೋ ಇಲ್ಲವೋ. ಒಮ್ಮೆ ಊಟದ ಡಬ್ಬಿ ಕೊಡಲು ಹೋದವಳು ಸೆರಗಿನಿಂದ ಕಿವಿ ಮುಚ್ಚಿಕೊಂಡು ಬಂದೆ. ಇವರು ಮಾತ್ರ ದಿನವಿಡೀ ಅದರ ಪಕ್ಕದಲ್ಲೇ, ಬರಿ ಕಿವಿಯಲ್ಲಿ ನಿಲ್ಲುತ್ತಿದ್ದರು. ಕಿವಿಗೆ ಏನಾದರೂ ಇಟ್ಟುಕೊಳ್ಳಿ ಎಂದರೆ, "ಕಿವಿ ಮುಚ್ಚಿದ್ರ ಕಲ್ಲು ಹೆಂಗ ಮಾತಾಡ್ತದ?" ಎನ್ನುತ್ತಿದ್ದರು. ಲಾರಿಗೆ ಹೇರುವ ಮೊದಲು ಒಂದೊಂದು ಹಾಸುಗಲ್ಲನ್ನೂ ಸರಳಿನ ತುದಿಯಿಂದ ಮೆಲ್ಲಗೆ ಬಡಿದು ನೋಡುವುದು ಅವರ ಪದ್ಧತಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ — ಕಣ್ಣಿಗೆ ಕಾಣದಿದ್ದರೂ — ಬೊದ್ದೆಂದು ಸುಮ್ಮನಾಗುತ್ತದೆ. ಚಿತ್ತಾಪುರದ ವ್ಯಾಪಾರಿಗಳು ಇವರು ಬಡಿದು ಬಿಟ್ಟ ಕಲ್ಲನ್ನು ಮತ್ತೆ ನೋಡುತ್ತಿರಲಿಲ್ಲ. ಅವರ ಮರ್ಯಾದೆ ಇದ್ದದ್ದೇ ಆ ಕಿವಿಯಲ್ಲಿ.

ಸಂಜೆ ಮೈಮೇಲಿನ ಬಿಳಿ ಧೂಳು ತೊಳೆದುಕೊಂಡು ಬಂದರೆ ಇವರಿಗೆ ಹಾಡು ಬೇಕು. ಹೈದರಾಬಾದಿನಿಂದ ತಂದ ಆಂಪ್ಲಿಫೈಯರು, ಎದೆಯೆತ್ತರದ ಎರಡು ಸ್ಪೀಕರು. ಅವನ್ನು ಗೋಡೆಯಿಂದ ಗೇಣು ಮುಂದೆ ಎಳೆಯುವುದು, ಬೆರಳಷ್ಟು ತಿರುಗಿಸುವುದು, ವೈರು ಬದಲಿಸುವುದು, ಆಮೇಲೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, "ಈಗ ಹೆಂಗದ?" ಎಂದು ನನ್ನನ್ನು ಕೇಳುವುದು. ಕಾನ್ವೆಂಟಿನಲ್ಲಿ ಪ್ರಾರ್ಥನೆ ಹಾಡುವಾಗ ಸಿಸ್ಟರ್ ನನ್ನ ಸ್ವರ ಹಿಡಿದು ಉಳಿದವರ ಸ್ವರ ತಿದ್ದುತ್ತಿದ್ದರು ಎಂದು ಮದುವೆಯಾದ ಹೊಸತರಲ್ಲಿ ನಾನೇ ಜಂಬದಿಂದ ಹೇಳಿಕೊಂಡಿದ್ದೆ. ಅದನ್ನು ಇವರು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಕೊನೆಯ ತೀರ್ಪು ನನ್ನದು.

ಬದಲಾವಣೆ ಶುರುವಾದದ್ದು ಸಣ್ಣದರಲ್ಲಿ. ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ "ಖರೇ, ಖರೇ" ಅನ್ನುವ ರೂಢಿ ಇವರಿಗೆ ಅವರ ತಾಯಿಯಿಂದ ಬಂದದ್ದು. ಅದು ನಿಂತಿತು. ನಾನು ತಟ್ಟಿದರೆ, ಯಾಕೆ ಎನ್ನುವಂತೆ ನೋಡುತ್ತಿದ್ದರು. ಒಲೆಯ ಮೇಲೆ ಸಾಸಿವೆ ಸಿಡಿಯುವುದು ಕೇಳಿಸದೆ ಒಗ್ಗರಣೆ ಕರಕಾಗಿಸಿದರು. ಜೊತೆಗೆ, ತೆಳು ಸ್ವರಗಳನ್ನು ಏರಿಸುವ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿ — ದೇವರಾಣೆ, ನಾನು ಧೂಳು ಒರೆಸುವಾಗ ಪ್ರತಿಸಲ ಅದು ಇನ್ನಷ್ಟು ಬಲಕ್ಕೆ ತಿರುಗಿರುತ್ತಿತ್ತು. ಹಾಡುವವರ 'ಸ'ಕಾರ ಸೂಜಿಯಂತೆ ಚುಚ್ಚುತ್ತಿತ್ತು. "ಈಗ ತೆರಕೊಂತು ನೋಡು ದನಿ," ಎಂದು ಇವರು ನಗುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ — ಸೆರಗಿನೊಳಗೆ ಕಿವಿ ಒತ್ತಿಕೊಂಡು.

ಇಸ್ಮಾಯಿಲ್ ಭಾಯಿ ಇವರ ಬಾಲ್ಯದ ಗೆಳೆಯ. ಸೇಡಂನಲ್ಲಿ ಕಾಲೇಜು ಹುಡುಗರಿಗೆ ಫಿಸಿಕ್ಸ್ ಕಲಿಸುತ್ತಾರೆ. ಭಾನುವಾರ ಬಂದರೆಂದರೆ ಇಬ್ಬರಿಗೂ ಒಂದೇ ಜಗಳ. ಅವತ್ತು ಲ್ಯಾಪ್‌ಟಾಪು, ಒಂದು ಕಡ್ಡಿಯಂಥ ಮೈಕು ಹಿಡಿದುಕೊಂಡೇ ಬಂದಿದ್ದರು.

"ಬಸ್ಯಾ, ಕಿವಿದು ಏನ್ ಭರೋಸಾ? ಅಳದು ನೋಡಮು. ಮೀಟರ್ ಯಾರ ಮುಲಾಜೂ ನೋಡಂಗಿಲ್ಲ."

"ಹಾಡು ಕೇಳಿ ನಿನ್ನ ಮೀಟರಿಗಿ ಕಣ್ಣಾಗ ನೀರು ಬರ್ತಾವೇನಲೇ?"

"ನಿನ್ನ ಸ್ಪೀಕರ್ ಕೇಳಿ ನನಗ ಬರ್ಲಿಕತ್ತಾವ. ಭಾಭಿಗಿ ಕೇಳು ಬೇಕಾದ್ರ."

ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇಸ್ಮಾಯಿಲ್ ಭಾಯಿ ಮೈಕನ್ನು ಇವರ ಕುರ್ಚಿಯಲ್ಲಿ, ತಲೆ ಇರುವ ಎತ್ತರಕ್ಕೆ ಕಟ್ಟಿ, ಸ್ಪೀಕರಿನಲ್ಲಿ ಒಂದು ದನಿ ಬಿಟ್ಟರು. ಕೆಳಗಿನ ಗುಂಯ್‌ಗುಡುವಿಕೆಯಿಂದ ಎದ್ದು, ಮನುಷ್ಯನ ಸ್ವರ ದಾಟಿ, ಸೀಟಿಯಾಗಿ, ತೆಳ್ಳಗೆ, ಇನ್ನೂ ತೆಳ್ಳಗೆ ಮೇಲೇರುವ ಒಂದೇ ಎಳೆ.

"ಮುಗೀತಲ್ಲ? ಏನ್ ಬಂತು?" ಎಂದು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದ ಇವರು ಎದ್ದರು.

ಮುಗಿದಿರಲಿಲ್ಲ. ಆ ಎಳೆ ಇನ್ನೂ ಏರುತ್ತಲೇ ಇತ್ತು. ಕಿವಿಯಲ್ಲಿ ಸೊಳ್ಳೆ ಕೂತಂತೆ, ಕಲ್ಲಿನ ಗೋಡೆಯಿಂದ ಗೋಡೆಗೆ ಹಾಯುತ್ತ, ಜೋರಾಗಿ. ಇಸ್ಮಾಯಿಲ್ ಭಾಯಿ ತಲೆಯೆತ್ತಿ ಇವರನ್ನು ನೋಡಿದರು. ಆಮೇಲೆ ನನ್ನನ್ನು. ಲ್ಯಾಪ್‌ಟಾಪಿನ ಪರದೆಯ ಮೇಲೆ ದನಿಯ ಗೆರೆ ಕೊನೆಯಲ್ಲಿ, ಇವರು ಗುಂಡಿ ತಿರುಗಿಸಿ ಏರಿಸಿದ್ದ ತೆಳು ಸ್ವರಗಳ ಕಡೆ, ಮಳಖೇಡದ ಕೋಟೆಗೋಡೆಯ ಹಾಗೆ ನಿಟಾರನೆ ಎದ್ದಿತ್ತು.

"ಬಸ್ಯಾ, ದನಿ ಇನ್ನಾ ನಿಂತಿದ್ದಿಲ್ಲ," ಎಂದರು ಅವರು, ಈ ಸಲ ನಗದೆ.

"ಏ, ಹೋಗಲೇ. ಶೈಲಾ, ನೀ ಹೇಳು. ನಾ ಎದ್ದಾಗ ದನಿ ನಿಂತಿತ್ತೋ ಇಲ್ಲೋ?"

ಆ ಗಳಿಗೆಯನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ. ಇವರ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಅದನ್ನು ಹುಟ್ಟಿಸುವವಳು ನಾನಾಗಬೇಕಿತ್ತು.

"ನಿಂತಿತ್ತರಿ," ಎಂದೆ. "ಕೋಣಿ ತುಂಬ ಪರಸಿ ಅದಲ್ಲ, ನಿಂತ ಮ್ಯಾಲೂ ಅದು ದನಿ ಎಳೀತದ. ಕಲ್ಲಿಂದೇ ತಪ್ಪು."

"ಕೇಳಿದಿ? ಸಿಸ್ಟರೇ ನಂಬಿದ ಕಿವಿ ಅದು!" ಎಂದು ಇವರು ಗೆಳೆಯನ ಬೆನ್ನಿಗೆ ಗುದ್ದಿದರು.

ಹೋಗುವಾಗ ಇಸ್ಮಾಯಿಲ್ ಭಾಯಿ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ತಡೆದರು. "ಭಾಭಿ, ಪರಸಿ ಅಲ್ಲ ಅದು. ನಿಮಗೂ ಗೊತ್ತದ. ಕಲಬುರಗಿಗಿ ಕರ್ಕೊಂಡು ಹೋಗಿ ಅಂವನ ಕಿವಿ ತೋರಸ್ರಿ. ನಾ ಹೇಳಿದ್ರ ಮೀಟರ್ ಜಗಳ ಆಗ್ತದ. ನೀವು ಹೇಳಿದ್ರ ಕೇಳ್ತಾನ."

ಹೂಂ ಎಂದೆ. ಅಂದವಳು ಟ್ರಂಕಿನಿಂದ ಹಳೆಯ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕೂತೆ. ನೆಲಕ್ಕೊಂದು, ಎರಡು ಗೋಡೆಗೆ ಎರಡು. ಟಾಕು ಹಾಕುವಾಗೆಲ್ಲ, ಇದಾದ ಮೇಲೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಕೌದಿ ತೂಗುಹಾಕಿದ ಮೇಲೆ ಕೋಣೆ ನಿಜವಾಗಿ ಮೆತ್ತಗಾಯಿತು, ಹಾಡು ನನಗೆ ಸಹ್ಯವಾಯಿತು. ಇವರು ಕೇಳಿ ಹುಬ್ಬು ಗಂಟಿಕ್ಕಿದರು. "ಎಲ್ಲೋ ಮಬ್ಬಾತಲ್ಲ," ಎಂದು ಗುಂಡಿಯನ್ನು ಮತ್ತೆ ಬಲಕ್ಕೆ ತಿರುಗಿಸಿದರು.

ಅಷ್ಟಾದರೂ ನಾನು ಹೇಳಲಿಲ್ಲ.

ಮುಂದೆ ಒಂದು ಭಾನುವಾರ ಇಸ್ಮಾಯಿಲ್ ಭಾಯಿ ಅಡುಗೆಮನೆಯ ಬಾಗಿಲಿಗೇ ಬಂದು ಮೆಲ್ಲಗೆ ಕೇಳಿದರು — ತೋರಿಸಿದ್ರೇನ್ರಿ? "ತೋರಿಸೀವ್ರಿ. ಏನೂ ಇಲ್ಲ ಅಂದ್ರು," ಎಂದೆ. ರೊಟ್ಟಿ ಬಡಿಯುವ ಕೈ ಕೂಡ ನಿಲ್ಲಲಿಲ್ಲ. ಆ ಮನುಷ್ಯ ನನ್ನನ್ನು ನಂಬಿದರು. ಹೊರಗೆ ಹೋಗಿ ಇವರ ಎದುರು ಕೂತು, "ನಿಂದೇ ಖರೇ ಬಸ್ಯಾ, ನನ್ನ ಮೀಟರೇ ಕೆಟ್ಟದ," ಎಂದರು. ಅದಾದ ಮೇಲೆ ಮೈಕು ತರಲಿಲ್ಲ.

ಯಾಕೆ ಹಾಗೆ ಮಾಡಿದೆ? ಇವರ ಹೆಮ್ಮೆ ಉಳಿಸಲು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಸಂಜೆ ಕಣ್ಣು ಮುಚ್ಚಿ "ಈಗ ಹೆಂಗದ?" ಎಂದು ಅವರು ನನ್ನ ಮಾತಿಗೆ ಕಾಯುತ್ತಿದ್ದರಲ್ಲ — ಮದುವೆಯಾದಾಗಿನಿಂದ ಅವರು ನನ್ನನ್ನು ಅಷ್ಟು ಬೇಕಾಗಿ ಕೇಳಿದ್ದು ಬೇರೆ ಯಾವುದೂ ಇರಲಿಲ್ಲ. ನಿಜ ಹೇಳಿದರೆ ಆ ಕುರ್ಚಿ ಖಾಲಿಯಾಗುತ್ತದೆ ಎಂದು...

ವರ್ಷಗಳು ಹೋದವು. ಕಳೆದ ಚಳಿಗಾಲದಲ್ಲಿ ಸೇಡಂಗೆ ಹೋದ ಒಂದು ಲೋಡಿನಲ್ಲಿ ಹಾಸುಗಲ್ಲುಗಳು ಇಳಿಸುವಾಗಲೇ ಸೀಳಿದವು. ಇವರು ಬಡಿದು, ಠಣ್ ಅಂತು ಎಂದು ಕಳಿಸಿದ ಕಲ್ಲುಗಳು. ವ್ಯಾಪಾರಿ ಬೈಯಲಿಲ್ಲ. "ವಯಸ್ಸಾತು ಬಿಡ್ರಿ ಅಪ್ಪಾರ," ಎಂದನಂತೆ. ಅವತ್ತು ಇವರೇ, "ಕಲಬುರಗಿಗಿ ಹೋಗಮು," ಎಂದರು.

ಡಾಕ್ಟರು ಕಾಗದದ ಮೇಲೆ ಗೆರೆ ತೋರಿಸಿದರು. ಇಸ್ಮಾಯಿಲ್ ಭಾಯಿಯ ಗೆರೆ ಎಲ್ಲಿ ನಿಟಾರನೆ ಎದ್ದಿತ್ತೋ, ಇವರ ಗೆರೆ ಅಲ್ಲೇ ಬಾವಿಗೆ ಬಿದ್ದಂತೆ ಇಳಿದಿತ್ತು. ಹೋದದ್ದು ಮರಳುವುದಿಲ್ಲ, ಎಂದರು. ಮೊದಲೇ ಬಂದು, ಕಿವಿ ಮುಚ್ಚಿಕೊಂಡು ಕೆಲಸ ಮಾಡಿದ್ದರೆ ಇಷ್ಟು ಹೋಗುತ್ತಿರಲಿಲ್ಲವಂತೆ. ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯಾಚೆ ನೋಡುತ್ತ ಒಂದೇ ಮಾತು ಆಡಿದರು: "ನನಗ ತಿಳೀಲಿಲ್ಲ, ಹೋಗ್ಲಿ. ನಿನಗೂ ತಿಳೀಲಿಲ್ಲ ನೋಡು."

ಈಗ ಕಲ್ಲು ಬಡಿಯುವ ಸರಳು ಬೇರೆಯವರ ಕೈಯಲ್ಲಿದೆ. ಕಿವಿಯ ಯಂತ್ರ ತಂದಿದ್ದೇವೆ, ಎಲ್ಲ ತಗಡಿನ ಹಾಗೆ ಕೇಳಿಸುತ್ತದೆಂದು ಅದು ಡಬ್ಬಿಯಲ್ಲೇ ಇರುತ್ತದೆ. ಸ್ಪೀಕರುಗಳಿಗೆ ಗೋಡೆಯ ಕೌದಿಯನ್ನೇ ಇಳಿಸಿ ಹೊದಿಸಿದ್ದಾರೆ.

ಹೋದ ವಾರ ಒಮ್ಮೆ ಹೇಳಿದೆ. ಅವರು ಪೇಪರು ಓದುತ್ತಿದ್ದರು. "ಅವತ್ತು ದನಿ ನಿಂತಿದ್ದಿಲ್ಲರಿ. ನಾ ಸುಳ್ಳು ಹೇಳಿದೆ," ಎಂದೆ — ಮೆಲ್ಲಗೆ, ನನ್ನ ಸೆರಗಿಗಷ್ಟೇ ಕೇಳುವಷ್ಟು. ಅವರು ತಲೆಯೆತ್ತಿ, "ಏನಂದಿ? ಜರಾ ಜೋರಾಗಿ ಹೇಳು," ಎಂದರು. "ಚಾ ಮಾಡ್ಲೇನು ಅಂದೆ," ಎಂದು ಒಳಗೆ ಹೋದೆ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದ್ದೆ. ಅವರ ಕಿವುಡನ್ನು ಮತ್ತೊಮ್ಮೆ ನನ್ನ ಅನುಕೂಲಕ್ಕೆ ಬಳಸಿದ್ದೆ.

ಬರುವ ಭಾನುವಾರ ಇಸ್ಮಾಯಿಲ್ ಭಾಯಿಯನ್ನು ಊಟಕ್ಕೆ ಕರೆದಿದ್ದೇನೆ. ಅವರು ಬರುವ ಹೊತ್ತಿಗೆ ಕೌದಿಗಳನ್ನು ಒಗೆದು ಟ್ರಂಕಿಗೆ ಹಾಕಿರುತ್ತೇನೆ. ಇಬ್ಬರೂ ಕೂತ ಮೇಲೆ ಹೇಳುತ್ತೇನೆ. ಬರಿ ಕಲ್ಲಿನ ಕೋಣೆ, ತೆರೆದ ಬಾಗಿಲು, ಪಕ್ಕದ ಮನೆಯವರು ಅಂಗಳದಲ್ಲೇ ಇರುತ್ತಾರೆ — ಎಲ್ಲರಿಗೂ ಕೇಳುತ್ತದೆ. ಕೇಳಲಿ. ಇವರಿಗೆ ಕೇಳಬೇಕಾದರೆ ನಾನು ಅಷ್ಟು ಜೋರಾಗಿಯೇ ಹೇಳಬೇಕು.