ಇಣುಕಿ ನೋಡುವುದೇ ಗುನ್ವೋರ್ ಕೆಲಸ

ಬೆಳಿಗ್ಗೆ ಐದೂವರೆ. ಡೆನ್ಮಾರ್ಕಿನ ಆರ್ಹುಸ್ ಬಂದರಿನ ಕಡಲಹಕ್ಕಿಗಳು ಕಿರುಚಾಟ ಶುರುಮಾಡುವ ಮೊದಲೇ ಗುನ್ವೋರ್ ತೋಫ್ಟ್ ಅಡುಗೆಮನೆಯ ಮೇಜಿಗೆ ಬಂದು ಕೂತಾಗಿದೆ. ಒಂದು ಕೈಯಲ್ಲಿ ಬೆಣ್ಣೆ ಸವರಿದ ರೈ ಬ್ರೆಡ್ಡು, ಇನ್ನೊಂದು ಕೈ ಲ್ಯಾಪ್‌ಟಾಪ್ ಮೇಲೆ. ನಿನ್ನೆ ಯಾರು ಯಾರಿಗೆ ಹಣ ಕಳಿಸಿದರೆಂದು ಪತ್ತೆ ಹಚ್ಚುವುದು ಇವರ ಕೆಲಸ. ಪತ್ತೆಯಾಗದಿದ್ದರೆ ಅಂದು ಇವರಿಗೆ ಹಬ್ಬ!

ಅರವತ್ತೊಂದರ ಗುನ್ವೋರ್ ಇಪ್ಪತ್ತೆಂಟು ವರ್ಷ ಸೈಕಲ್ ತುಳಿದು ಅಂಚೆ ಹಂಚಿದವರು. ಕಾಗದ ಬರೆಯುವವರು ಕಡಿಮೆಯಾಗಿ ಕೆಲಸ ಹೋಯಿತು, ಮಂಡಿನೋವು ಉಳಿಯಿತು. ಲೈಬ್ರರಿಯ ಸಂಜೆ ತರಗತಿಯಲ್ಲಿ ಹಟ ಹಿಡಿದು ಕಲಿತು, ಈಗ ಡಿಜಿಟಲ್ ಹಣವನ್ನು ಗುಟ್ಟಾಗಿ ರವಾನಿಸುವ ಪುಟ್ಟ ಆ್ಯಪ್ ಒಂದರ ಪರೀಕ್ಷಕಿ. ದಿನಕ್ಕೆ ನಲವತ್ತು ರವಾನೆಗಳ ಜಾಡು ಹಿಡಿಯುತ್ತಾರೆ.

"ಈ ಹಣದ ಲೆಕ್ಕವೆಲ್ಲ ಬರೆದಿಡೋ ಬ್ಲಾಕ್‌ಚೈನ್ ಅಂದ್ರೆ ಪೋಸ್ಟ್‌ಕಾರ್ಡು ಕಣ್ರೀ, ದಾರೀಲಿ ಹೋಗೋರೆಲ್ಲ ಓದ್ಬಹುದು. ನಾವು ಅದಕ್ಕೆ ಲಕೋಟೆ ಹಾಕ್ತೀವಿ. ಅಂಟು ಸರಿಯಾಗಿ ಹಿಡಿದಿದ್ಯಾ ಅಂತ ನಾನು ಕಿತ್ತು ನೋಡ್ತೀನಿ," ಎಂದು ಎದುರು ಕೂತ ನನಗೆ ವಿವರಿಸುತ್ತಾರೆ.

ಈ ಲಕೋಟೆಗಾಗಿ ವಿಳಾಸ ಗುಟ್ಟಾಗಿಟ್ಟ ಊರಿನ ಮಹಿಳಾ ಆಶ್ರಯಧಾಮವೊಂದು ಕಾಯುತ್ತಿತ್ತು. ಗಂಡನ ಹೊಡೆತ ತಾಳದೆ ಓಡಿಬಂದವಳಿಗೆ ಅವಳ ಅಕ್ಕ ಹಣ ಕಳಿಸಬೇಕು. ಅಕ್ಕನ ಖಾತೆಯ ಮೇಲೆ ಅವನ ಕಣ್ಣಿದೆ. ಜಾಡು ಸಿಕ್ಕರೆ ಬಾಗಿಲಿಗೇ ಬಂದಾನು.

ಕಳೆದ ಸೋಮವಾರ, ಆ್ಯಪ್‌ನ ಹೊಸ ಆವೃತ್ತಿ ಬರೆದ ಯೆಪ್ಪೆ ತಾನೇ ಹಣ ಹಾಕಿ, ತೆಗೆದು, ಸವಾಲೆಸೆದ: "ತಿಪ್ಪರಲಾಗ ಹಾಕಿದ್ರೂ ನಾನು ಸಿಗಲ್ಲ, ಗುನ್ವೋರ್!"

ಹತ್ತೇ ನಿಮಿಷದಲ್ಲಿ ಅವನಿಗೆ ಗುನ್ವೋರ್ ಫೋನ್ ಬಂತು. "ನೀನು 417 ಕ್ರೋನರ್ ಎಲ್ಲರ ಹಣ ಇರೋ ಮಡಕೆಗೆ ಹಾಕ್ದೆ. ಕಾಫಿ ಕುಡಿದು ಬಂದು ಅದೇ 417 ಹೊರಗೆ ತೆಗ್ದೆ. ಆ ಮೊತ್ತ ನಿನ್ನದೊಂದೇ ಕಣೋ! ಮುಖಕ್ಕೆ ಮುಸುಕು ಹಾಕ್ಕೊಂಡು, ಊರಿಗೆಲ್ಲ ಗೊತ್ತಿರೋ ಕೆಂಪು ಚಡ್ಡೀಲಿ ಓಡಿದ್ಯಲ್ಲೋ!"

ಯೆಪ್ಪೆಯ ಮುಖ ಹುಳ್ಳಗಾಯಿತು. ಬಿಡುಗಡೆ ಮೂರು ದಿನ ತಡವಾಯಿತು. ಯಾರೇ ಹಾಕಿದ ಹಣವೂ ಒಂದೇ ಅಳತೆಯ ತುಂಡುಗಳಾಗಿ, ಬೇರೆ ಬೇರೆ ದಿನ ಹೊರಬರುವಂತೆ ಆ್ಯಪ್ ತಿದ್ದಿದರು. ಅಕ್ಕ ಹಣ ಕಳಿಸಿದಳು.

ಇಂದು ಆಶ್ರಯಧಾಮದಿಂದ ಒಂದೇ ಸಾಲು ಬಂದಿದೆ: ಪೂರ್ತಿ ತಲುಪಿತು. ಅಕ್ಕನ ಒಪ್ಪಿಗೆ ಪಡೆದು ಗುನ್ವೋರ್ ಆ ಹಣದ ಜಾಡು ಹಿಡಿಯಲು ಕೂತಿದ್ದಾರೆ. ಕಾಫಿ ಎರಡು ಸಲ ಆರಿದೆ. ಫೋನಿನಲ್ಲಿ ಯೆಪ್ಪೆ ಅಳುಕುತ್ತಲೇ ಕೇಳುತ್ತಾನೆ, "ತಂಗಿ ಸಿಕ್ಕಿದ್ಲಾ?"

"ಇಲ್ಲ ಕಣೋ, ಸೋತೆ!" ಗುನ್ವೋರ್ ಮುಖ ಹಿಗ್ಗಿನಿಂದ ಅರಳಿದೆ.

ಫೋನಿಟ್ಟು ನನ್ನತ್ತ ತಿರುಗುತ್ತಾರೆ. "ಇಪ್ಪತ್ತೆಂಟು ವರ್ಷ ಈ ಊರಿನ ಒಂದೊಂದು ಬಾಗಿಲೂ ನಂಗೆ ಗೊತ್ತಿತ್ತು. ಇದು ಯಾವ ಬಾಗಿಲಿಗೆ ಹೋಯ್ತೋ ನನಗೇ ಗೊತ್ತಿಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಅಂಚೆ ಹಂಚಿರಲಿಲ್ಲ ನೋಡಿ."